ಪೋಲ್ ಪಾಟ್ ಬಿದ್ದ ಮೇಲೂ ವಿಶ್ವಸಂಸ್ಥೆಯ ಕುರ್ಚಿ ಅವನ ಕಡೆಯವರಿಗೇ ಯಾಕೆ ಸಿಕ್ಕಿತು?

ಹೊಳೆಬದಿ:

ಅಂಕೋರ್ ವಾಟ್ ನೋಡಿ ಬಂದವರ ಬರಹಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅದೇ ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ನಡೆದ ಕಗ್ಗೊಲೆಯ ಬಗ್ಗೆ ಮಾತು ಕಡಿಮೆ. ಅದಾದ ಮೇಲೆ ಪ್ರಪಂಚ ಹೇಗೆ ನಡೆದುಕೊಂಡಿತು ಅನ್ನುವುದರ ಬಗ್ಗೆಯಂತೂ ಇನ್ನೂ ಕಡಿಮೆ. ಅದಕ್ಕೇ ಈ ಚರ್ಚೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1975ರ ಏಪ್ರಿಲ್ 17ರಂದು ರಾಜಧಾನಿ ಫ್ನಾಮ್ ಪೆನ್ ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ಕೈಗೆ ಬಿತ್ತು. ಅವತ್ತೇ ಊರು ಖಾಲಿ ಮಾಡಿಸಲು ಶುರು ಮಾಡಿದರು. ಯುದ್ಧಕ್ಕೆ ಹೆದರಿ ಹಳ್ಳಿಗಳಿಂದ ಬಂದು ಸೇರಿದ್ದವರನ್ನೂ ಲೆಕ್ಕ ಹಿಡಿದರೆ ಸುಮಾರು 20 ಲಕ್ಷ ಜನ. ಆಸ್ಪತ್ರೆಯಲ್ಲಿ ಮಲಗಿದ್ದವರನ್ನೂ ಬಿಡಲಿಲ್ಲ. ಗ್ಲೂಕೋಸ್ ಬಾಟಲಿ ನೇತಾಡುತ್ತಿದ್ದ ಮಂಚವನ್ನೇ ಮನೆಯವರು ಏಪ್ರಿಲ್ ಬಿಸಿಲಲ್ಲಿ ರಸ್ತೆ ಮೇಲೆ ತಳ್ಳಿಕೊಂಡು ಹೋದರು. ದುಡ್ಡು, ಸಂತೆ, ಶಾಲೆ, ಪೂಜೆ ಎಲ್ಲ ರದ್ದಾಯಿತು. ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನೇ ಸ್ಫೋಟಿಸಿದರು. ಇದೆಲ್ಲ ನಡೆದದ್ದು ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ. ಅಲ್ಲಿನ ಜನ ಇವತ್ತಿಗೂ ಹೀಗೇ ದಿನ ಲೆಕ್ಕ ಹೇಳುತ್ತಾರೆ. 80 ಲಕ್ಷದ ಹತ್ತಿರ ಇದ್ದ ಜನರಲ್ಲಿ 15ರಿಂದ 20 ಲಕ್ಷ ಜನ ಹಸಿವಿನಿಂದ, ರೋಗದಿಂದ, ದುಡಿತದಿಂದ, ಕೊಲೆಯಿಂದ ಸತ್ತರು.

1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಫ್ನಾಮ್ ಪೆನ್‌ಗೆ ಬಂತು. ಪೋಲ್ ಪಾಟ್ ಥಾಯ್ ಗಡಿಯ ಕಾಡಿಗೆ ಓಡಿದ. ಹೆಣದ ಗುಂಡಿಗಳು ಒಂದೊಂದಾಗಿ ಹೊರಗೆ ಬಂದವು. ಇಷ್ಟಾದ ಮೇಲೆ, ಅದೇ ವರ್ಷ ಸೆಪ್ಟೆಂಬರ್ 21ರಂದು, ಕಾಂಬೋಡಿಯಾದ ಕುರ್ಚಿ ಯಾರಿಗೆ ಅಂತ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಹಾಕಿದರು. ಖ್ಮೇರ್ ರೂಜ್ ಪರವಾಗಿ 71, ವಿರುದ್ಧವಾಗಿ 35, ತಟಸ್ಥರು 34.

1977ರಲ್ಲಿ "ನಮಗೆ ಗೊತ್ತಿರಲಿಲ್ಲ" ಅಂದವರ ಮಾತನ್ನು ಕಷ್ಟಪಟ್ಟಾದರೂ ನಂಬಬಹುದು. 1979ರ ಸೆಪ್ಟೆಂಬರ್‌ನಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ. ಹಾಗಾದರೆ ಆ 71 ದೇಶಗಳು ಯಾಕೆ ಹಾಗೆ ಮಾಡಿದವು? ತಿಳಿದವರು ಬರೆಯಿರಿ.

ಹಳೇಪೇಪರ್:

ಆ ಮತದಾನದ ಹಿಂದೆ ಇದ್ದದ್ದು ಚೀನಾ ಮತ್ತು ಸೋವಿಯತ್ ಜಗಳ. ಕಾಂಬೋಡಿಯಾದ ಜನರ ಗತಿ ಏನು ಅನ್ನುವುದು ಆ ಲೆಕ್ಕದಲ್ಲೇ ಇರಲಿಲ್ಲ.

ಘಟನೆಗಳನ್ನು ಸಾಲಾಗಿ ಇಟ್ಟು ನೋಡಿ. ಪೋಲ್ ಪಾಟ್‌ಗೆ ಆಯುಧ, ತಂತ್ರಜ್ಞರು, ಬೆಂಬಲ ಎಲ್ಲ ಬರುತ್ತಿದ್ದದ್ದು ಬೀಜಿಂಗ್‌ನಿಂದ. 1978ರ ನವೆಂಬರ್‌ನಲ್ಲಿ ವಿಯೆಟ್ನಾಂ ಮಾಸ್ಕೋ ಜೊತೆ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿತು. 1979ರ ಜನವರಿ 1ಕ್ಕೆ ಅಮೆರಿಕ ಮತ್ತು ಚೀನಾ ಪೂರ್ತಿ ರಾಜತಾಂತ್ರಿಕ ಸಂಬಂಧ ಶುರು ಮಾಡಿದವು. ಒಂದೇ ವಾರದಲ್ಲಿ ಫ್ನಾಮ್ ಪೆನ್ ಬಿತ್ತು. ಅಂದರೆ ಅಮೆರಿಕದ ಹೊಸ ಗೆಳೆಯನ ಕಡೆಯವನನ್ನು ಅಮೆರಿಕದ ಹಳೇ ಶತ್ರು ಓಡಿಸಿದ ಹಾಗಾಯಿತು. ವಾಷಿಂಗ್ಟನ್ ಯಾವ ಕಡೆ ಮತ ಹಾಕಬಹುದು ಅಂತ ಅಲ್ಲಿಗೇ ತೀರ್ಮಾನ ಆಗಿತ್ತು.

ಇದರಲ್ಲಿ ನಮ್ಮ ದೇಶದ್ದೂ ಒಂದು ಪ್ರಸಂಗ ಇದೆ. ಅಟಲ್ ಬಿಹಾರಿ ವಾಜಪೇಯಿ ಆಗ ಜನತಾ ಸರ್ಕಾರದ ವಿದೇಶಾಂಗ ಸಚಿವರು. 1962ರ ಯುದ್ಧದ ಕಹಿ ಮರೆಸಲು 1979ರ ಫೆಬ್ರವರಿಯಲ್ಲಿ ಚೀನಾಕ್ಕೆ ಹೋಗಿದ್ದರು. ಅವರು ಅಲ್ಲಿರುವಾಗಲೇ, 17ನೇ ತಾರೀಕು, ಚೀನಾ ವಿಯೆಟ್ನಾಂ ಮೇಲೆ ಸೇನೆ ನುಗ್ಗಿಸಿತು. ಕಾಂಬೋಡಿಯಾಕ್ಕೆ ಕೈ ಹಾಕಿದ್ದಕ್ಕೆ ಪಾಠ ಕಲಿಸುವುದು ಅವರ ಉದ್ದೇಶ. ವಾಜಪೇಯಿ ಪ್ರವಾಸ ಮೊಟಕು ಮಾಡಿ ವಾಪಸ್ ಬಂದರು. ನಮ್ಮ ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಆ ಅವಮಾನ. ಆ ಯುದ್ಧದ ಮೂಲದಲ್ಲಿದ್ದ ಕಾಂಬೋಡಿಯಾ ಹಿಂದಕ್ಕೆ ಸರಿದುಹೋಯಿತು.

ಕಾಫಿಸೀಮೆ:

ಹಳೇಪೇಪರ್ ಸಾರ್ ಹೇಳಿದ್ದು ಸರಿ. ಆದರೆ 71 ದೇಶಗಳೂ ಚೀನಾ, ಅಮೆರಿಕದ ಬಾಲ ಹಿಡಿದವು ಅನ್ನುವುದು ಪೂರ್ತಿ ನ್ಯಾಯ ಅಲ್ಲ.

ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಜಾಗದಲ್ಲಿ ನಿಂತು ನೋಡಿ. ಪಕ್ಕದ ದೊಡ್ಡ ದೇಶದ ಸೇನೆ ಗಡಿ ದಾಟಿ ಬಂದು, ಸರ್ಕಾರ ಬದಲಿಸಿ, ತನಗೆ ಬೇಕಾದವರನ್ನು ಕೂರಿಸಿತು. ಇವತ್ತು ಅದನ್ನು ಒಪ್ಪಿಕೊಂಡರೆ ನಾಳೆ ನಮ್ಮ ಗತಿ ಏನು ಅಂತ ಚಿಕ್ಕ ದೇಶಗಳು ಹೆದರಿದ್ದರಲ್ಲಿ ತಪ್ಪೇನಿದೆ? ವಿಯೆಟ್ನಾಂ ಸೇನೆ ಪೂರ್ತಿ ವಾಪಸ್ ಹೋದದ್ದು 1989ರಲ್ಲಿ.

ಮತ್ತೆ, ವಿಯೆಟ್ನಾಂ ಹೋದದ್ದು ಕಾಂಬೋಡಿಯನ್ನರ ಮೇಲಿನ ಕರುಣೆಯಿಂದ ಅಲ್ಲ. ಖ್ಮೇರ್ ರೂಜ್ ಪಡೆಗಳು ಗಡಿ ದಾಟಿ ಬಂದು ಹಳ್ಳಿಗಳಲ್ಲಿ ಕೊಲ್ಲುತ್ತಿದ್ದವು. 1978ರ ಏಪ್ರಿಲ್‌ನಲ್ಲಿ ಬಾ ಚುಕ್ ಅನ್ನುವ ಒಂದೇ ಊರಿನಲ್ಲಿ 3,000ಕ್ಕೂ ಜಾಸ್ತಿ ಜನರನ್ನು ಕೊಂದರು. ಆ ಗಡಿ ಜಗಳ ಇರದಿದ್ದರೆ ವಿಯೆಟ್ನಾಂ ಸುಮ್ಮನೆ ಇರುತ್ತಿತ್ತು. 1975ಕ್ಕೆ ಮುಂಚೆ ಇದೇ ಖ್ಮೇರ್ ರೂಜ್‌ಗೆ ತರಬೇತಿ, ಆಯುಧ ಕೊಟ್ಟವರೂ ಅವರೇ.

ಹೊಳೆಬದಿ:

ಕಾಫಿಸೀಮೆಯವರೇ, ಉದ್ದೇಶದ ವಿಷಯ ಒಪ್ಪಿದೆ. ಆದರೆ ತತ್ವದ ಮಾತಿಗೆ ಅದೇ ವರ್ಷದ ಇನ್ನೊಂದು ಘಟನೆ ಅಡ್ಡ ಬರುತ್ತೆ. 1979ರ ಏಪ್ರಿಲ್‌ನಲ್ಲಿ ಟಾಂಜಾನಿಯಾ ಸೇನೆ ಉಗಾಂಡಾಕ್ಕೆ ನುಗ್ಗಿ ಸರ್ವಾಧಿಕಾರಿ ಇದಿ ಅಮೀನ್‌ನನ್ನು ಓಡಿಸಿತು. ಅಲ್ಲೂ ಗಡಿ ದಾಟಿದ್ದು ಪಕ್ಕದ ದೇಶದ ಸೇನೆಯೇ. ಉಗಾಂಡಾದ ಹೊಸ ಸರ್ಕಾರ ವಿಶ್ವಸಂಸ್ಥೆಯಲ್ಲಿ ಯಾವ ತಕರಾರೂ ಇಲ್ಲದೆ ಕೂತಿತು. ಅಮೀನ್ ಪರವಾಗಿ ಚೀನಾ ಇರಲಿಲ್ಲ, ಅಮೆರಿಕವೂ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಇನ್ನೊಂದು ಮಾತು. ವಿಯೆಟ್ನಾಂ ಕೂರಿಸಿದ ಹೆಂಗ್ ಸಮ್ರಿನ್ ಸರ್ಕಾರವನ್ನು ಒಪ್ಪಬೇಕು ಅಂತ ಏನಿರಲಿಲ್ಲ. ಕುರ್ಚಿ ಖಾಲಿ ಬಿಡಬಹುದಿತ್ತು. ಆ ಮತದಾನದ ತಿಂಗಳಲ್ಲೇ ಹವಾನಾದಲ್ಲಿ ಅಲಿಪ್ತ ದೇಶಗಳ ಶೃಂಗಸಭೆ ನಡೆಯಿತು. ಅಲ್ಲಿ ಕಾಂಬೋಡಿಯಾದ ಕುರ್ಚಿಯನ್ನು ಖಾಲಿಯೇ ಇಟ್ಟರು. ಆಕ್ರಮಣವನ್ನೂ ಒಪ್ಪದೆ, ಕೊಲೆಗಾರರನ್ನೂ ಒಪ್ಪದೆ ಇರುವ ದಾರಿ ಕಣ್ಣೆದುರೇ ಇತ್ತು. ನ್ಯೂಯಾರ್ಕ್‌ನಲ್ಲಿ ಅದನ್ನು ಬೇಕೆಂತಲೇ ಬಿಟ್ಟರು. ನನಗೆ ನುಂಗಲು ಆಗದಿರುವುದು ಇದೇ.

ಗದ್ದೆಬದು:

ನಾನು ಗಂಗಾವತಿ ಕಡೆಯ ಭತ್ತದ ರೈತ. ರಾಜಕೀಯ ನೀವು ಮಾತಾಡಿ. ಭತ್ತದ ಬಗ್ಗೆ ಎರಡು ಮಾತು ಹೇಳುತ್ತೇನೆ, ಯಾಕಂದ್ರೆ ಅಲ್ಲಿ ಸತ್ತವರಲ್ಲಿ ಅರ್ಧ ಜನ ಸತ್ತಿದ್ದೇ ಆ ಭತ್ತದ ಲೆಕ್ಕದಿಂದ.

1976ರಲ್ಲಿ ಪಕ್ಷದವರು ನಾಲ್ಕು ವರ್ಷದ ಯೋಜನೆ ಹಾಕಿದರು. ಹೆಕ್ಟೇರಿಗೆ 3 ಟನ್ ಬೆಳೆಯಬೇಕು ಅಂತ ಆಜ್ಞೆ. ನಮ್ಮ ಲೆಕ್ಕಕ್ಕೆ ಎಕರೆಗೆ 12 ಕ್ವಿಂಟಾಲ್. ಇವತ್ತು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅದು ದೊಡ್ಡ ಇಳುವರಿಯೇ ಅಲ್ಲ. ಆದರೆ ನಮಗೆ ಕಾಲುವೆ ಇದೆ, ಗೊಬ್ಬರ ಇದೆ, ಹೊಸ ತಳಿ ಇದೆ, ಟ್ರ್ಯಾಕ್ಟರ್ ಇದೆ. ಅಲ್ಲಿ ಇದ್ದದ್ದು ಮಳೆ ನಂಬಿದ ಗದ್ದೆ. ಯುದ್ಧಕ್ಕೆ ಮುಂಚೆ ಬೆಳೆಯುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಎತ್ತುಗಳು ಯುದ್ಧದಲ್ಲಿ ಸತ್ತಿದ್ದವು. ಗದ್ದೆಗೆ ಇಳಿಸಿದ್ದು ಯಾರನ್ನ? ನೇಗಿಲು ಹಿಡಿದು ಗೊತ್ತಿಲ್ಲದ ಪೇಟೆ ಜನರನ್ನ. ಗುಮಾಸ್ತರು, ಮೇಷ್ಟ್ರುಗಳು, ಅಂಗಡಿಯವರು.

ಇನ್ನೂ ಒಂದು ಓದಿ ನನಗೆ ತಡೆಯಲಾಗಲಿಲ್ಲ. ಹಳೇ ಬದುಗಳನ್ನೆಲ್ಲ ಒಡೆದು, ಎಲ್ಲ ಗದ್ದೆಯನ್ನೂ ಒಂದೊಂದು ಹೆಕ್ಟೇರಿನ ಚೌಕ ಮಾಡಿಸಿದರಂತೆ. ಕಾಲುವೆಗಳೂ ನೆಟ್ಟಗೆ, ಗೆರೆ ಎಳೆದ ಹಾಗೆ. ಗದ್ದೆ ಮಾಡಿದವನಿಗೆ ಗೊತ್ತು, ಹಳೇ ಬದು ಸುಮ್ನೆ ಸೊಟ್ಟಗಿರಲ್ಲ. ನೆಲದ ಇಳಿಜಾರು ನೋಡಿ ಹಿರಿಯರು ಹಾಕಿರುತ್ತಾರೆ. ಚೌಕ ಮಾಡಿದರೆ ಒಂದು ಮೂಲೆಯಲ್ಲಿ ನೀರು ನಿಂತು ಸಸಿ ಕೊಳೆಯುತ್ತೆ, ಇನ್ನೊಂದು ಮೂಲೆ ಬಿರುಕು ಬಿಡುತ್ತೆ. ಇದನ್ನು ಹೇಳಬಲ್ಲ ಎಂಜಿನಿಯರ್‌ಗಳು ಸತ್ತಿದ್ದರು ಇಲ್ಲವೇ ಓದು ಬರಹ ಬಾರದವರ ಹಾಗೆ ನಟಿಸಿ ಜೀವ ಉಳಿಸಿಕೊಂಡಿದ್ದರು. ಹೇಳಬಲ್ಲ ರೈತ ಬಾಯಿ ಬಿಟ್ಟರೆ "ಅಂಗ್ಕಾರ್"ನ ಶತ್ರು. ಅಂಗ್ಕಾರ್ ಅಂದರೆ ಸಂಘಟನೆ. ಪಕ್ಷಕ್ಕೆ ಅವರು ಕರೆಯುತ್ತಿದ್ದ ಹೆಸರು ಅದು.

ಬೆಳೆ ಬರಲಿಲ್ಲ. ಬರಲಿಲ್ಲ ಅಂತ ಹೇಳಿದರೆ ಕೆಳಗಿನ ಮುಖಂಡನ ತಲೆ ಹೋಗುತ್ತೆ. ಅವನು 3 ಟನ್ ಬಂತು ಅಂತ ಸುಳ್ಳು ವರದಿ ಕಳಿಸಿದ. ಆ ಸುಳ್ಳು ಲೆಕ್ಕದ ಮೇಲೆ ಮೇಲಿನವರು ತಮ್ಮ ಪಾಲು ಲಾರಿಯಲ್ಲಿ ತುಂಬಿಕೊಂಡು ಹೋದರು. ಸೈನ್ಯಕ್ಕಷ್ಟು, ಚೀನಾಕ್ಕೆ ರಫ್ತಷ್ಟು. ಬೆಳೆದವರಿಗೆ ಉಳಿದದ್ದು ತಿಳಿ ಗಂಜಿ. ಗದ್ದೆಯಲ್ಲಿ ಸಿಕ್ಕ ಏಡಿ, ಕಪ್ಪೆ ಹಿಡಿದು ತಿಂದರೂ ಕಳ್ಳತನ. ಅದಕ್ಕೂ ಕೊಂದಿದ್ದಾರೆ.

ಭತ್ತದ ಗದ್ದೆಯಲ್ಲಿ ನಿಂತು ಜನ ಹಸಿವಿನಿಂದ ಸತ್ತರು. ನಾನು ಇದನ್ನು ನಮ್ಮ ಊರಿನವರಿಗೆ ಹೇಳಿದರೆ ನಂಬುತ್ತಿಲ್ಲ.

ಹಳೇಪೇಪರ್:

ಗದ್ದೆಬದು ಅವರೇ, ಆಗಲೂ ಯಾರೂ ನಂಬಲಿಲ್ಲ. ಸಮಸ್ಯೆ ಇದ್ದದ್ದೇ ಅಲ್ಲಿ.

ಸುದ್ದಿ ಹೊರಗೆ ಬಂದಿರಲಿಲ್ಲ ಅನ್ನುವುದು ಸುಳ್ಳು. ಥಾಯ್ ಗಡಿ ದಾಟಿ ಬಂದವರು ಎಲ್ಲ ಹೇಳುತ್ತಿದ್ದರು. ಫ್ರಾಂಸುವಾ ಪಾನ್ಶೋ ಅನ್ನುವ ಫ್ರೆಂಚ್ ಪಾದ್ರಿ ಕಾಂಬೋಡಿಯಾದಲ್ಲೇ ವರ್ಷಗಟ್ಟಲೆ ಇದ್ದವರು, ಖ್ಮೇರ್ ಭಾಷೆ ಚೆನ್ನಾಗಿ ಬಲ್ಲವರು. ನಿರಾಶ್ರಿತರ ಮಾತನ್ನೂ ಖ್ಮೇರ್ ರೂಜ್ ರೇಡಿಯೊವನ್ನೂ ಕೇಳಿ, ಎರಡನ್ನೂ ತಾಳೆ ಹಾಕಿ, 1976ರಲ್ಲೇ ಫ್ರೆಂಚ್ ಪತ್ರಿಕೆಯಲ್ಲಿ ಬರೆದರು.

ಓದಿದವರಲ್ಲಿ ಒಂದು ವರ್ಗ ಇದನ್ನು ಒಪ್ಪಲೇ ಇಲ್ಲ. ವಿಯೆಟ್ನಾಂ ಯುದ್ಧದ ಉದ್ದಕ್ಕೂ ಅಮೆರಿಕ ಸರ್ಕಾರ ಹೇಳಿದ ಸುಳ್ಳು ಕೇಳಿ ಕೇಳಿ, ಕಮ್ಯುನಿಸ್ಟರ ಮೇಲಿನ ಆರೋಪ ಅಂದರೆ ಸಿಐಎ ಕಟ್ಟಿದ ಕತೆ ಅನ್ನುವ ಅಭ್ಯಾಸ ಆಗಿತ್ತು. ನಿರಾಶ್ರಿತರು ಅಂದಮೇಲೆ ದೂರುವವರೇ ಅಲ್ವಾ, ಉತ್ಪ್ರೇಕ್ಷೆ ಮಾಡುತ್ತಾರೆ ಅಂತ ವಾದಿಸಿದರು. 1978ರ ಆಗಸ್ಟ್‌ನಲ್ಲಿ ಸ್ವೀಡನ್‌ನ ಗೆಳೆತನ ಸಂಘದವರು ಹೋಗಿ ಪೋಲ್ ಪಾಟ್ ಜೊತೆ ಊಟ ಮಾಡಿ, ಎಲ್ಲ ಚೆನ್ನಾಗಿದೆ ಅಂತ ಬಂದು ಹೇಳಿದರು. ಆ ತಂಡದ ಗುನ್ನಾರ್ ಬೆರಿಸ್ಟ್ರಾಮ್ ಮೂವತ್ತು ವರ್ಷದ ನಂತರ ಮತ್ತೆ ಕಾಂಬೋಡಿಯಾಕ್ಕೆ ಹೋಗಿ ಜನರ ಕ್ಷಮೆ ಕೇಳಿದರು. ಮಾಲ್ಕಮ್ ಕಾಲ್ಡ್‌ವೆಲ್ ಅನ್ನುವ ಬ್ರಿಟಿಷ್ ಪ್ರಾಧ್ಯಾಪಕರು ಖ್ಮೇರ್ ರೂಜ್ ಪರ ಬರೆಯುತ್ತಿದ್ದವರು. 1978ರ ಡಿಸೆಂಬರ್‌ನಲ್ಲಿ ಪೋಲ್ ಪಾಟ್‌ನನ್ನು ಭೇಟಿ ಮಾಡಿದ ರಾತ್ರಿಯೇ ಫ್ನಾಮ್ ಪೆನ್‌ನ ಅತಿಥಿಗೃಹದಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಸರ್ಕಾರಗಳ ಕತೆ ಬೇರೆ. ಅವುಗಳಿಗೆ ಗೊತ್ತಿತ್ತು. 1975ರ ನವೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಥಾಯ್ ವಿದೇಶಾಂಗ ಸಚಿವರ ಜೊತೆ ಮಾತಾಡುವಾಗ, ಖ್ಮೇರ್ ರೂಜ್ ಜನ ಕೊಲೆಗಡುಕರು, ಆದರೂ ಅವರ ಜೊತೆ ಗೆಳೆತನಕ್ಕೆ ಅದು ಅಡ್ಡಿಯಲ್ಲ ಅಂತ ಹೇಳಿದ್ದು ದಾಖಲೆಯಲ್ಲಿದೆ. ಖ್ಮೇರ್ ರೂಜ್ ಅಧಿಕಾರ ಹಿಡಿದು ಆಗಿನ್ನೂ ಏಳು ತಿಂಗಳು.

ಸೇನೆ ಕಳಿಸಿ ತಡೆಯಿರಿ ಅಂತ 1978ರಲ್ಲಿ ಬಾಯಿಬಿಟ್ಟು ಹೇಳಿದವರು ಅಮೆರಿಕದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್. ವಿಯೆಟ್ನಾಂ ಯುದ್ಧ ನಿಲ್ಲಿಸಬೇಕು ಅಂತಲೇ 1972ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತವರು ಅವರು. ಅವರ ಮಾತಿಗೆ ಯಾರೂ ಕೈ ಜೋಡಿಸಲಿಲ್ಲ.

ಕೃಷ್ಣಾತೀರ:

ಎಲ್ಲರೂ ಚೀನಾ, ಪೋಲ್ ಪಾಟ್ ಅಂತಿದ್ದೀರಿ. ಮೂಲ ಕಾರಣ ಅಮೆರಿಕದ ಬಾಂಬು ಅಲ್ಲವೇ? ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಹಳೇಪೇಪರ್:

ಹೇಳಲೇಬೇಕು. 1969ರಲ್ಲಿ ನಿಕ್ಸನ್ ಸರ್ಕಾರ ಬಿ-52 ವಿಮಾನಗಳಿಂದ ಗುಟ್ಟಾಗಿ ಬಾಂಬು ಹಾಕಲು ಶುರು ಮಾಡಿತು. ತನ್ನದೇ ಸಂಸತ್ತಿಗೂ ಹೇಳಿರಲಿಲ್ಲ. ಬಾಂಬು ನಿಂತದ್ದು 1973ರ ಆಗಸ್ಟ್ 15ಕ್ಕೆ. ಹಳ್ಳಿಗಳು ಹಾಳಾದವು, ಮನೆಯವರನ್ನು ಕಳೆದುಕೊಂಡ ಹುಡುಗರನ್ನು ಖ್ಮೇರ್ ರೂಜ್ ಸುಲಭವಾಗಿ ಸೇರಿಸಿಕೊಂಡಿತು. 1970ರಲ್ಲಿ ಸೇನಾನಾಯಕ ಲಾನ್ ನೋಲ್ ದಂಗೆ ಎದ್ದು, ಹಿಂದೆ ರಾಜನಾಗಿದ್ದ, ಆಗ ದೇಶ ಆಳುತ್ತಿದ್ದ ಸಿಹನೂಕ್ ಅವರನ್ನು ಇಳಿಸಿದಾಗ, ಸಿಹನೂಕ್ ಬೀಜಿಂಗ್‌ನಲ್ಲಿ ಕೂತು ಖ್ಮೇರ್ ರೂಜ್ ಜೊತೆ ಸೇರಿ ಅಂತ ರೇಡಿಯೊದಲ್ಲಿ ಕರೆ ಕೊಟ್ಟರು. ರಾಜನ ಮಾತು ಅಂತ ರೈತರು ಹೋದರು.

ಆದರೆ ಬಾಂಬು ಅವರನ್ನು ಅಧಿಕಾರಕ್ಕೆ ತರಲು ದಾರಿ ಮಾಡಿತು. ಅಧಿಕಾರಕ್ಕೆ ಬಂದ ಮೇಲೆ ಕನ್ನಡಕ ಹಾಕಿದವನನ್ನು ಅನುಮಾನಿಸಿದ್ದು, ಚಾಮ್ ಮುಸ್ಲಿಮರಿಗೆ ಬಲವಂತವಾಗಿ ಹಂದಿ ಮಾಂಸ ತಿನ್ನಿಸಿದ್ದು, 1978ರಲ್ಲಿ ಪೂರ್ವ ವಲಯದ ಜನರನ್ನು ಗುರುತು ಹಿಡಿಯಲು ನೀಲಿ ಚೌಕಳಿಯ ವಸ್ತ್ರ ಕೊಟ್ಟು ಸಾಗಿಸಿ ಕೊಂದದ್ದು, ಇವೆಲ್ಲ ಪೋಲ್ ಪಾಟ್, ಅವನ ಜೊತೆಯ ನಾಯಕರಾದ ನುಒನ್ ಚಿಯಾ, ಇಯೆಂಗ್ ಸಾರಿ ಇವರ ತಲೆಯಿಂದ ಬಂದದ್ದು. ಪ್ಯಾರಿಸ್‌ನಲ್ಲಿ, ಬ್ಯಾಂಕಾಕ್‌ನಲ್ಲಿ ಓದಿದವರು. ಏನು ಮಾಡುತ್ತಿದ್ದೇವೆ ಅಂತ ಗೊತ್ತಿದ್ದೇ ಮಾಡಿದರು. ನಿಕ್ಸನ್‌ನ ತಪ್ಪು ಇವರ ತಪ್ಪನ್ನು ಕಡಿಮೆ ಮಾಡಲ್ಲ.

ಲಾಂಗ್‌ಬೀಚ್ ಕನ್ನಡತಿ:

ನಾನಿರುವುದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ. ಕಾಂಬೋಡಿಯಾ ಬಿಟ್ಟರೆ ಖ್ಮೇರ್ ಜನ ಅತಿ ಹೆಚ್ಚು ನೆಲೆಸಿರುವ ಊರುಗಳಲ್ಲಿ ಇದೂ ಒಂದು. ಅನಾಹೀಮ್ ಸ್ಟ್ರೀಟ್‌ನ ಒಂದು ಭಾಗಕ್ಕೆ ಕಾಂಬೋಡಿಯಾ ಟೌನ್ ಅಂತಲೇ ಹೆಸರು. ಈ ರಾಜ್ಯದ ಬಹುಪಾಲು ಚಿಕ್ಕ ಡೋನಟ್ ಅಂಗಡಿಗಳನ್ನು ನಡೆಸುವವರು ಇವರೇ.

1980ರ ದಶಕದಲ್ಲಿ ಇಲ್ಲಿನ ಕಣ್ಣಿನ ವೈದ್ಯರ ಹತ್ತಿರ ಕಾಂಬೋಡಿಯಾದ ಹೆಂಗಸರು ಬರುತ್ತಿದ್ದರು. ಕಣ್ಣು ಕಾಣುತ್ತಿಲ್ಲ ಅಂತ. ಪರೀಕ್ಷೆ ಮಾಡಿದರೆ ಕಣ್ಣಲ್ಲಿ ದೋಷವೇ ಇಲ್ಲ. ಒಬ್ಬಿಬ್ಬರಲ್ಲ, ನೂರಕ್ಕೂ ಹೆಚ್ಚು ಜನ. ಹೆಚ್ಚಿನವರು ಗಂಡನನ್ನೋ ಮಕ್ಕಳನ್ನೋ ಕಣ್ಣೆದುರೇ ಕಳೆದುಕೊಂಡವರು. ಅದನ್ನು ಅಧ್ಯಯನ ಮಾಡಿದವರು, ಖ್ಮೇರ್ ರೂಜ್ ದುಡಿತದ ಶಿಬಿರಗಳಲ್ಲಿ ಹೆಚ್ಚು ಕಾಲ ಇದ್ದವರಿಗೆ ದೃಷ್ಟಿ ಹೆಚ್ಚು ಮಂದ ಆಗಿತ್ತು ಅಂತ ಕಂಡುಕೊಂಡರು.

ನಮ್ಮ ಬೀದಿಯ ಒಬ್ಬ ಅಜ್ಜಿ ಪರಿಚಯ. ಅಂಗಡಿ ಈಗ ಮಗಳು ನೋಡಿಕೊಳ್ಳುತ್ತಾಳೆ. ಅಜ್ಜಿ ಖ್ಮೇರ್ ರೂಜ್‌ನ ತೂಲ್ ಸ್ಲೆಂಗ್ ಜೈಲಿನ ಬಗ್ಗೆ, ಹೆಣದ ಗುಂಡಿಗಳ ಬಗ್ಗೆ ಮಾತಾಡಲ್ಲ. ಒಂದೇ ಒಂದು ಸಲ ಮಗಳ ಮೂಲಕ ಹೇಳಿದರು. ಥಾಯ್ ಗಡಿಯ ಶಿಬಿರಕ್ಕೆ ತಲುಪಿದಾಗ ಅಕ್ಕಿ ಹಂಚುವ ಸಾಲಿನ ತುದಿಯಲ್ಲಿ ನಿಂತಿದ್ದವನು, ಖ್ಮೇರ್ ರೂಜ್ ಅವರ ಊರಿನವರನ್ನು ದುಡಿಸುತ್ತಿದ್ದ ಸಹಕಾರಿಯಲ್ಲಿ ಯಾರನ್ನು ಕರೆದೊಯ್ಯಬೇಕು ಅಂತ ಬೆರಳು ತೋರಿಸುತ್ತಿದ್ದ ಅದೇ ಮನುಷ್ಯ. ವಿದೇಶದಿಂದ ಬಂದ ಅಕ್ಕಿ, ಅವನ ಕೈಯಿಂದ ಇಸಿದುಕೊಂಡರು. ಅಜ್ಜಿಗೆ ಸಿಟ್ಟು ಬರುವುದು ಈ ಮಾತು ಬಂದಾಗ ಮಾತ್ರ.

ಹೊಳೆಬದಿಯವರು ನ್ಯೂಯಾರ್ಕ್‌ನ ಕುರ್ಚಿ ಬಗ್ಗೆ ಕೇಳಿದ್ದಾರೆ. ಗಡಿಯಲ್ಲಿ ಆ ಕುರ್ಚಿಯ ಅರ್ಥ ಇದು.

ಹೊಳೆಬದಿ:

ಅಕ್ಕ, ಇದನ್ನು ಬರೆದದ್ದಕ್ಕೆ ಧನ್ಯವಾದ. ಶಿಬಿರಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

1979ರ ಜೂನ್‌ನಲ್ಲಿ ಥಾಯ್ ಸೈನಿಕರು 40,000ಕ್ಕೂ ಹೆಚ್ಚು ನಿರಾಶ್ರಿತರನ್ನು ಬಸ್ಸಿನಲ್ಲಿ ತುಂಬಿ ಪ್ರೆಯಾ ವಿಹಿಯರ್ ದೇವಸ್ಥಾನದ ಹತ್ತಿರದ ಬೆಟ್ಟದಂಚಿಗೆ ಒಯ್ದು ಕೆಳಗೆ ಇಳಿಯಲು ಬಲವಂತ ಮಾಡಿದರು. ಕೆಳಗೆ ನೆಲಬಾಂಬು ಹೂತಿದ್ದರು. ಸಾವಿರಗಟ್ಟಲೆ ಜನ ಸತ್ತರೆಂದು ಅಂದಾಜು. ಆ ಮೇಲೆ ಹೊರಗಿನ ಒತ್ತಡ ಬಂದು ಅಕ್ಟೋಬರ್, ನವೆಂಬರ್‌ನಲ್ಲಿ ಸಾ ಕೆಯೊ, ಖಾವೊ ಇ ದಾಂಗ್ ಶಿಬಿರಗಳು ತೆರೆದವು. ಯುನಿಸೆಫ್, ರೆಡ್ ಕ್ರಾಸ್ ಬಂದವು. ಲಕ್ಷಾಂತರ ಜನ ಬದುಕಿದ್ದು ಆ ಅಕ್ಕಿಯಿಂದ, ಅದರಲ್ಲಿ ಸಂದೇಹ ಇಲ್ಲ.

ಆದರೆ ಅದೇ ಅಕ್ಕಿ ತಿಂದು ಖ್ಮೇರ್ ರೂಜ್ ಸೈನಿಕರೂ ಚೇತರಿಸಿಕೊಂಡರು. ಚೀನಾದ ಆಯುಧ ಥಾಯ್ಲೆಂಡ್ ಮೂಲಕ ಅವರಿಗೆ ತಲುಪುತ್ತಿತ್ತು. 1982ರಲ್ಲಿ ಸಿಹನೂಕ್ ಮತ್ತು ಮಾಜಿ ಪ್ರಧಾನಿ ಸೊನ್ ಸಾನ್ ಬಣಗಳನ್ನು ಖ್ಮೇರ್ ರೂಜ್ ಜೊತೆ ಸೇರಿಸಿ ಒಂದು ಮೈತ್ರಿ ಸರ್ಕಾರ ಅಂತ ಮಾಡಿದರು. ಸಿಹನೂಕ್ ಅಧ್ಯಕ್ಷ, ಸೊನ್ ಸಾನ್ ಪ್ರಧಾನಿ, ವಿದೇಶಾಂಗ ಮಾತ್ರ ಖ್ಮೇರ್ ರೂಜ್‌ನ ಖಿಯು ಸಂಫಾನ್ ಕೈಯಲ್ಲಿ. ಕುರ್ಚಿಯಲ್ಲಿ ಕೂತವರ ಹೆಸರುಪಟ್ಟಿ ಬದಲಾಯಿತು, ಕುರ್ಚಿ ಕೈಬಿಡಲಿಲ್ಲ. ಈ ಮೈತ್ರಿಗೆ ಬೆಂಬಲ ನಿಲ್ಲಿಸುತ್ತೇವೆ ಅಂತ ಅಮೆರಿಕ ಹೇಳಿದ್ದು 1990ರ ಜುಲೈನಲ್ಲಿ. ಅಷ್ಟೂ ವರ್ಷ ಕಾಂಬೋಡಿಯಾದ ಒಳಗೆ ಬದುಕಿ ಉಳಿದಿದ್ದ ಜನರಿಗೆ, ಅವರ ಸರ್ಕಾರಕ್ಕೆ ಮಾನ್ಯತೆ ಇಲ್ಲ ಅನ್ನುವ ಕಾರಣಕ್ಕೆ, ಪಶ್ಚಿಮದಿಂದ ಅಭಿವೃದ್ಧಿ ನೆರವು ಸಿಗಲಿಲ್ಲ. ಶಾಲೆ ಕಟ್ಟಲೂ ದುಡ್ಡಿಲ್ಲ, ಪಾಠ ಹೇಳಲು ಮೇಷ್ಟ್ರೂ ಇಲ್ಲ. ಮೇಷ್ಟ್ರುಗಳನ್ನು ಕೊಂದಾಗಿತ್ತು.

ಕಾಯ್ದೆಪುಸ್ತಕ:

ನಾನು ಕಾನೂನು ಓದುತ್ತಿರುವವಳು. ಒಂದು ವಿಷಯ ಯಾರೂ ಎತ್ತಿಲ್ಲ.

ನರಮೇಧ ತಡೆಯುವ ಒಪ್ಪಂದ 1948ರದ್ದು. ಕಾಂಬೋಡಿಯಾ 1950ರಲ್ಲೇ ಸೇರಿತ್ತು. ಹಾಗಾಗಿ 1975ರಿಂದ 1979ರೊಳಗೆ ಆ ಒಪ್ಪಂದದಲ್ಲಿದ್ದ ಬೇರೆ ದೇಶ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟಬಹುದಿತ್ತು. ಒಂದು ದೇಶವೂ ತಟ್ಟಲಿಲ್ಲ. ಸೇನೆ ಕಳಿಸುವುದು ಕಷ್ಟ ಅನ್ನೋಣ. ಅರ್ಜಿ ಹಾಕಲು ಸೇನೆ ಬೇಕಿರಲಿಲ್ಲ. ಅಮೆರಿಕವಂತೂ ಆ ಒಪ್ಪಂದಕ್ಕೆ ಅಂಗೀಕಾರ ಕೊಟ್ಟದ್ದೇ 1988ರಲ್ಲಿ.

ಆ ಒಪ್ಪಂದದಲ್ಲಿ ಒಂದು ತೊಡಕಿದೆ. ರಾಷ್ಟ್ರೀಯತೆ, ಜನಾಂಗ, ಬುಡಕಟ್ಟು, ಧರ್ಮ ಇವುಗಳ ಆಧಾರದ ಮೇಲೆ ಒಂದು ಗುಂಪನ್ನು ಅಳಿಸಲು ಹೊರಟರೆ ಮಾತ್ರ ಅದು ನರಮೇಧ. ರಾಜಕೀಯ ಕಾರಣಕ್ಕೆ, ವರ್ಗದ ಕಾರಣಕ್ಕೆ ಕೊಂದರೆ ಅದರೊಳಗೆ ಬರಲ್ಲ. ಕಾಂಬೋಡಿಯಾದಲ್ಲಿ ಸತ್ತವರಲ್ಲಿ ಹೆಚ್ಚಿನವರು ಖ್ಮೇರರೇ, ಕೊಂದವರೂ ಖ್ಮೇರರು. ಅದಕ್ಕೇ, ಖ್ಮೇರ್ ರೂಜ್ ನಾಯಕರ ವಿಚಾರಣೆಗೆ ಮಾಡಿದ ನ್ಯಾಯಾಲಯದ 2018ರ ನವೆಂಬರ್ 16ರ ತೀರ್ಪಿನಲ್ಲಿ ನರಮೇಧದ ಅಪರಾಧ ಸಾಬೀತಾದದ್ದು ವಿಯೆಟ್ನಾಮೀಯರು ಮತ್ತು ಚಾಮರ ವಿಷಯದಲ್ಲಿ ಮಾತ್ರ. ಉಳಿದ ಲಕ್ಷಾಂತರ ಸಾವುಗಳು ಮಾನವೀಯತೆಯ ವಿರುದ್ಧದ ಅಪರಾಧ ಅನ್ನುವ ತಲೆಬರಹದ ಕೆಳಗೆ ಬಂದವು. ಶಿಕ್ಷೆಯಲ್ಲಿ ವ್ಯತ್ಯಾಸ ಇಲ್ಲ, ಎರಡಕ್ಕೂ ಜೀವಾವಧಿ. ಆದರೆ ತನ್ನ ಮನೆಯವರ ಸಾವನ್ನು ಕಾನೂನು ಚಿಕ್ಕದು ಮಾಡಿತು ಅಂತ ಬದುಕುಳಿದವರಿಗೆ ಅನಿಸಿದರೆ ನಾನು ಯಾವ ಬಾಯಲ್ಲಿ ತಪ್ಪು ಅನ್ನಲಿ?

ಸಂಪಿಗೆಮರ:

ತೂಲ್ ಸ್ಲೆಂಗ್‌ಗೆ ಹೋಗಿ ಬಂದಿದ್ದೇನೆ. ನಾನೊಬ್ಬ ಹೈಸ್ಕೂಲ್ ಮೇಷ್ಟ್ರು. ಅದಕ್ಕೇ ಇರಬೇಕು, ಬೇರೆಯವರಿಗಿಂತ ನನಗೆ ಬೇರೆ ಥರ ತಟ್ಟಿತು.

ಅದು ಹೈಸ್ಕೂಲ್ ಆಗಿತ್ತು. ಮೂರು ಅಂತಸ್ತಿನ ಕಟ್ಟಡಗಳು, ಉದ್ದನೆ ವರಾಂಡ, ಮಧ್ಯೆ ಆಟದ ಬಯಲು. ಹಳದಿ ಬಿಳಿ ನೆಲಹಾಸಿನ ಕೊಠಡಿಗಳು. ಕೆಲವು ತರಗತಿಗಳೊಳಗೆ ಇಟ್ಟಿಗೆಯಲ್ಲಿ ಗೂಡುಗಳನ್ನು ಕಟ್ಟಿದ್ದಾರೆ, ಒಬ್ಬ ಮನುಷ್ಯ ಕಾಲು ಚಾಚಿ ಮಲಗಲಾರದಷ್ಟು ಚಿಕ್ಕವು. ಗೋಡೆಯಲ್ಲಿ ಕರಿಹಲಗೆ ಹಾಗೇ ಇದೆ. ವರಾಂಡಕ್ಕೆ ಮುಳ್ಳುತಂತಿಯ ಬಲೆ ಹೊಡೆದಿದ್ದಾರೆ. ಚಿತ್ರಹಿಂಸೆ ತಾಳಲಾರದೆ ಕೈದಿಗಳು ಮೇಲಿಂದ ಹಾರಿ ಸಾಯಬಾರದು ಅಂತ. ಮಕ್ಕಳು ಕಸರತ್ತು ಮಾಡುತ್ತಿದ್ದ ಕಂಬಕ್ಕೆ ಕೈದಿಗಳನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದರು.

ಜೈಲಿನ ಮುಖ್ಯಸ್ಥ ಡುಚ್. ಮೊದಲು ಗಣಿತದ ಮೇಷ್ಟ್ರು. ಕೈದಿಗಳ ತಪ್ಪೊಪ್ಪಿಗೆ ಪತ್ರಗಳನ್ನು ಒಂದೊಂದಾ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದು, ಇಲ್ಲಿ ಸರಿಯಿಲ್ಲ, ಇನ್ನೂ ಹೊಡೆಯಿರಿ ಅಂತ ಸೂಚಿಸುತ್ತಿದ್ದ. ನಾವು ಉತ್ತರ ಪತ್ರಿಕೆ ತಿದ್ದುವ ಹಾಗೆ. ಆ ಕೈಬರಹ ಗಾಜಿನ ಪೆಟ್ಟಿಗೆಯಲ್ಲಿ ಇದೆ, ಬಹಳ ಅಚ್ಚುಕಟ್ಟಾದ ಅಕ್ಷರ.

ಒಳಗೆ ಬಂದವರ ಫೋಟೊ ತೆಗೆಯುತ್ತಿದ್ದರು. ಈಗ ಆ ಫೋಟೊಗಳೇ ಗೋಡೆ ತುಂಬ ಇವೆ. ಹೆಸರು ದಾಖಲಾಗಿರುವ ಕೈದಿಗಳೇ 12,000ಕ್ಕಿಂತ ಜಾಸ್ತಿ. ಬದುಕಿ ಬಂದವರು ಕೈಬೆರಳೆಣಿಕೆಯಷ್ಟು. ವಾನ್ ನಾಥ್, ಬೂ ಮೆಂಗ್ ಚಿತ್ರಕಾರರು. ಪೋಲ್ ಪಾಟ್‌ನ ಭಾವಚಿತ್ರ ಬರೆಸಿಕೊಳ್ಳಲು ಅವರನ್ನು ಉಳಿಸಿದರು. ಚುಮ್ ಮೇ ಯಂತ್ರ ರಿಪೇರಿ ಗೊತ್ತಿದ್ದವರು. ಕೈಕೆಲಸ ಬಂದವರು ಉಳಿದರು.

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಅರ್ಧ ದಿನ ಇಟ್ಟುಕೊಳ್ಳಿ, ಧ್ವನಿ ವಿವರಣೆಯ ಯಂತ್ರ ಬಾಡಿಗೆಗೆ ತೆಗೆದುಕೊಳ್ಳಿ, ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಕೈದಿಗಳನ್ನು ಕೊಂದು ಹೂಳುತ್ತಿದ್ದ ಚೂಂಗ್ ಎಕ್ ಗುಂಡಿಗಳು ಊರಿಂದ 15 ಕಿಲೋಮೀಟರ್ ದೂರ. ಎರಡನ್ನೂ ಒಂದೇ ದಿನ ಮಾಡಿದರೆ ಮನಸ್ಸಿಗೆ ತಡೆಯಲ್ಲ. ಇವೆರಡೂ, ಎಂ-13 ಅನ್ನುವ ಇನ್ನೊಂದು ಜೈಲಿನ ಜಾಗವೂ 2025ರ ಜುಲೈನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ.

ಕೃಷ್ಣಾತೀರ:

ಭಾರತ ಏನು ಮಾಡಿತು? ಬರೀ ವಾಜಪೇಯಿ ಅವರ ಚೀನಾ ಪ್ರವಾಸ ಮಾತ್ರವೇ?

ಹಳೇಪೇಪರ್:

1975ರಲ್ಲಿ ಫ್ನಾಮ್ ಪೆನ್ ಖ್ಮೇರ್ ರೂಜ್ ಕೈಗೆ ಬಿದ್ದು ಎರಡು ತಿಂಗಳಿಗೆ ನಮ್ಮಲ್ಲೇ ತುರ್ತು ಪರಿಸ್ಥಿತಿ. ಪತ್ರಿಕೆಗಳಿಗೆ ತಮ್ಮ ಊರಿನ ಸುದ್ದಿ ಹಾಕಲೇ ಸ್ವಾತಂತ್ರ್ಯ ಇರಲಿಲ್ಲ. ಮೊದಲ ವರ್ಷಗಳಲ್ಲಿ ನಾವು ದನಿ ಎತ್ತಿದೆವು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

1980ರಲ್ಲಿ ಇಂದಿರಾ ಗಾಂಧಿ ಮತ್ತೆ ಬಂದ ಮೇಲೆ, ಜುಲೈನಲ್ಲಿ, ಭಾರತ ಹೆಂಗ್ ಸಮ್ರಿನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಸೋವಿಯತ್ ಬಣದ ಹೊರಗೆ ಹಾಗೆ ಮಾಡಿದ ದೇಶಗಳು ಬೆರಳೆಣಿಕೆಯಷ್ಟು. ಸಿಂಗಾಪುರ, ಥಾಯ್ಲೆಂಡ್ ಇರುವ ಆಸಿಯಾನ್ ಕೂಟದ ದೇಶಗಳು ನಮ್ಮ ಮೇಲೆ ಮುನಿಸಿಕೊಂಡವು, ಅಮೆರಿಕ ನಮ್ಮನ್ನು ಮಾಸ್ಕೋದ ಕಡೆಯವರು ಅಂದಿತು. ಮಾಸ್ಕೋ ಗೆಳೆತನವೂ ಒಂದು ಕಾರಣ ಇದ್ದೇ ಇತ್ತು, ಮುಚ್ಚಿಡುವುದೇನಿಲ್ಲ. ಆದರೂ ಆ ವಿಷಯದಲ್ಲಿ ದೆಹಲಿ ನಿಂತ ಜಾಗ ಸರಿ ಅಂತಲೇ ನನ್ನ ಅಭಿಪ್ರಾಯ.

1986ರಿಂದ 1993ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ತಂಡ ಅಂಕೋರ್ ವಾಟ್‌ನಲ್ಲಿ ಕೆಲಸ ಮಾಡಿತು. ಸುತ್ತ ನೆಲಬಾಂಬು, ಆಗಾಗ ಗುಂಡಿನ ಸದ್ದು. ಬೇರೆ ದೇಶದವರು ಮಾನ್ಯತೆ ಇಲ್ಲದ ಸರ್ಕಾರದ ಜೊತೆ ಕೆಲಸ ಮಾಡಲು ಹಿಂಜರಿಯುತ್ತಿದ್ದ ಕಾಲ. ಕಲ್ಲು ತೊಳೆಯಲು ಬಳಸಿದ ರಾಸಾಯನಿಕದ ಬಗ್ಗೆ ಮುಂದೆ ಟೀಕೆ ಬಂತು. ಅದೇನೇ ಇರಲಿ, ಆ ದೇಶ ಒಂಟಿಯಾಗಿದ್ದಾಗ ಹೋದವರು ಅವರು. 1992, 93ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ನಮ್ಮ ಸೈನಿಕರೂ ಇದ್ದರು.

ಕಾಫಿಸೀಮೆ:

ಗಡಿ ದಾಟುವುದನ್ನು ಸುಲಭವಾಗಿ ಒಪ್ಪಬಾರದು ಅನ್ನುವ ಮಾತಿಗೆ ನಾನು ಈಗಲೂ ಬದ್ಧ. ಆದರೆ ಖಾಲಿ ಕುರ್ಚಿಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ನನಗೆ ಇನ್ನೂ ಅರ್ಥ ಆಗದ್ದು 1991ರ ಪ್ಯಾರಿಸ್ ಒಪ್ಪಂದ. ಶೀತಲ ಸಮರ ಮುಗಿದಿತ್ತು. ಆಗಲೂ ಖ್ಮೇರ್ ರೂಜ್‌ಗೆ ನಾಲ್ಕು ಪಕ್ಷಗಳಲ್ಲಿ ಒಂದು ಅಂತ ಸಹಿ ಹಾಕಲು ಜಾಗ ಕೊಟ್ಟರು. ಒಪ್ಪಂದದಲ್ಲಿ ನರಮೇಧ ಅನ್ನುವ ಪದವೇ ಇಲ್ಲ, "ಹಿಂದಿನ ನೀತಿ ಮತ್ತು ಆಚರಣೆಗಳು" ಮರುಕಳಿಸಬಾರದು ಅಂತ ಬರೆದರು. ಜನ ಏನಂದರು ಅಂತ ಗೊತ್ತಾ? ನವೆಂಬರ್‌ನಲ್ಲಿ ಖಿಯು ಸಂಫಾನ್ ಫ್ನಾಮ್ ಪೆನ್‌ಗೆ ಬಂದ ದಿನವೇ ಗುಂಪು ಅವನಿದ್ದ ಮನೆಗೆ ನುಗ್ಗಿ ಹೊಡೆಯಿತು. ತಲೆಯಿಂದ ರಕ್ತ ಸುರಿಸಿಕೊಂಡು ಅವತ್ತೇ ವಿಮಾನ ಹತ್ತಿದ.

ಗದ್ದೆಬದು:

ಕಾಯ್ದೆಪುಸ್ತಕ ತಂಗಿ, ಕೊನೆಗೆ ಶಿಕ್ಷೆ ಆದದ್ದು ಎಷ್ಟು ಜನಕ್ಕೆ?

ಕಾಯ್ದೆಪುಸ್ತಕ:

ಮೂರು ಜನಕ್ಕೆ ಅಣ್ಣ.

ಪೋಲ್ ಪಾಟ್‌ಗೆ ಆಗಲೇ ಇಲ್ಲ. 1979ರ ಆಗಸ್ಟ್‌ನಲ್ಲಿ ಫ್ನಾಮ್ ಪೆನ್‌ನ ಹೊಸ ಸರ್ಕಾರ ಅವನಿಗೂ ಇಯೆಂಗ್ ಸಾರಿಗೂ ಅವರಿಲ್ಲದೆಯೇ ವಿಚಾರಣೆ ಮಾಡಿ ಮರಣದಂಡನೆ ಕೊಟ್ಟಿತು. ಹೊರಗಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1998ರ ಏಪ್ರಿಲ್ 15ರಂದು ಅನ್ಲಾಂಗ್ ವೆಂಗ್ ಕಾಡಿನಲ್ಲಿ ಅವನು ಹಾಸಿಗೆ ಮೇಲೆ ಸತ್ತ.

ವಿಶ್ವಸಂಸ್ಥೆ ಮತ್ತು ಕಾಂಬೋಡಿಯಾ ಸೇರಿ ನ್ಯಾಯಾಲಯ ಮಾಡಲು ಒಪ್ಪಿದ್ದು 2003ರಲ್ಲಿ, ಕೆಲಸ ಶುರುವಾದದ್ದು 2006ರಲ್ಲಿ. 30 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಯಿತು. ಡುಚ್‌ಗೆ 2010ರಲ್ಲಿ 35 ವರ್ಷ, ಮೇಲ್ಮನವಿಯಲ್ಲಿ ಜೀವಾವಧಿ. 2020ರಲ್ಲಿ ಸತ್ತ. ನುಒನ್ ಚಿಯಾಗೆ ಜೀವಾವಧಿ, 2019ರಲ್ಲಿ ಸತ್ತ. ಖಿಯು ಸಂಫಾನ್‌ಗೂ ಜೀವಾವಧಿ. ಅವನ ಕೊನೆಯ ಮೇಲ್ಮನವಿ 2022ರ ಸೆಪ್ಟೆಂಬರ್ 22ರಂದು ವಜಾ ಆಯಿತು. ಇಯೆಂಗ್ ಸಾರಿ ವಿಚಾರಣೆ ಮುಗಿಯುವ ಮುಂಚೆಯೇ 2013ರಲ್ಲಿ ಸತ್ತ. ಅವನ ಹೆಂಡತಿ ಇಯೆಂಗ್ ಥಿರಿತ್‌ಗೆ ಮರೆವಿನ ಕಾಯಿಲೆ ಅಂತ ವಿಚಾರಣೆಯಿಂದ ಬಿಟ್ಟರು. ಇನ್ನೂ ಕೆಲವರ ಮೇಲೆ ಪ್ರಕರಣ ತೆರೆದಿದ್ದರು. ಆಗಿನ ಪ್ರಧಾನಿ ಹುನ್ ಸೆನ್ ಸರ್ಕಾರ ಮೊದಲಿಂದಲೂ ವಿರೋಧಿಸಿತು, ಅವು ವಿಚಾರಣೆಗೆ ಬರದೆ ಮುಚ್ಚಿಹೋದವು. ಹುನ್ ಸೆನ್ ಸ್ವತಃ 1977ರವರೆಗೆ ಖ್ಮೇರ್ ರೂಜ್ ಪಡೆಯ ಅಧಿಕಾರಿಯಾಗಿದ್ದು ವಿಯೆಟ್ನಾಂಗೆ ಓಡಿದವರು.

ಆದರೆ ಆ ನ್ಯಾಯಾಲಯದಿಂದ ಆದ ಒಂದು ಕೆಲಸ ನನಗೆ ದೊಡ್ಡದು ಅನಿಸುತ್ತೆ. ಎರಡನೇ ಪ್ರಕರಣದಲ್ಲಿ, ಅಂದರೆ ನುಒನ್ ಚಿಯಾ, ಖಿಯು ಸಂಫಾನ್ ಅವರದ್ದರಲ್ಲಿ, ಸುಮಾರು 4,000 ಸಂತ್ರಸ್ತರನ್ನು ಕಕ್ಷಿದಾರರನ್ನಾಗಿ ಸೇರಿಸಿಕೊಂಡರು. ಹಳ್ಳಿಯ ಮುದುಕಿಯರು ಬಂದು ಖಿಯು ಸಂಫಾನ್ ಎದುರೇ ಕೂತು, ನನ್ನ ಗಂಡನನ್ನು ಯಾಕೆ ಕೊಂದಿರಿ ಅಂತ ಕೇಳಿದರು. ಗದ್ದೆಬದು ಅಣ್ಣ ಹೇಳಿದಂಥ ಕಾಲುವೆಗಳ, ಅಣೆಕಟ್ಟುಗಳ ದುಡಿತವೂ, ಟ್ರಪೆಯಾಂಗ್ ಥ್ಮಾ ಅಣೆಕಟ್ಟು ಸೇರಿ, ತೀರ್ಪಿನಲ್ಲಿ ದಾಖಲಾಗಿದೆ. ಮಣ್ಣು ಹೊತ್ತವರೇ ಸಾಕ್ಷಿ ಹೇಳಿದ್ದಾರೆ.

ಲಾಂಗ್‌ಬೀಚ್ ಕನ್ನಡತಿ:

ಈ ಊರಿಂದಲೂ ಕೆಲವರು ಅರ್ಜಿ ತುಂಬಿ ಕಕ್ಷಿದಾರರಾಗಿದ್ದರು. ನಮ್ಮ ಅಜ್ಜಿ ತುಂಬಲಿಲ್ಲ. ಮಗಳು ಕೇಳಿದ್ದಕ್ಕೆ, ಆ ಅಕ್ಕಿ ಸಾಲಿನವನ ಮೇಲೆ ಕೇಸು ಹಾಕಲು ಫಾರಂ ಇದ್ದರೆ ತಾ ಅಂದರಂತೆ.